ಹಾಲಿವುಡ್‌ನ ಸಾಬು: ‘ಆನೆ ಹುಡುಗ’ನ ಆಚೆಗೆ ನಟನೊಬ್ಬ ಇದ್ದನಲ್ಲ, ಅವನ ಮಾತು ಯಾಕಿಲ್ಲ?

ರೀಲುಪೆಟ್ಟಿಗೆ

ಈಚೆಗೆ ಸಾಬು ಬಗ್ಗೆ ಕನ್ನಡದಲ್ಲಿ ಬಂದ ಒಂದು ವಿಡಿಯೊ ನೋಡಿ ಬೇಸರವಾಯಿತು. ಮೈಸೂರು ಸೀಮೆಯ ಮಾವುತನ ಮಗ, ತಂದೆ ತಾಯಿ ಇಲ್ಲದ ಹುಡುಗ, ಬಿಳಿಯರ ಕಣ್ಣಿಗೆ ಬಿದ್ದ, ಬಾಳು ಬೆಳಗಿತು. ಬಹುಪಾಲು ಇಷ್ಟೇ. 1937ರ ಮೊದಲ ಚಿತ್ರ ‘ಎಲಿಫೆಂಟ್ ಬಾಯ್’ ಆದಮೇಲೆ ಆ ಮನುಷ್ಯ ಇನ್ನೂ 26 ವರ್ಷ ಬದುಕಿದ್ದರು. ಇಪ್ಪತ್ತಕ್ಕೂ ಹೆಚ್ಚು ಚಿತ್ರಗಳಲ್ಲಿ ದುಡಿದರು, 1944ರಲ್ಲಿ ಅಮೆರಿಕದ ಪೌರರಾದರು, ಮಹಾಯುದ್ಧದಲ್ಲಿ ಬಾಂಬರ್ ವಿಮಾನ ಹತ್ತಿದರು. 1963ರ ಡಿಸೆಂಬರ್ 2ರಂದು ಲಾಸ್ ಏಂಜಲೀಸ್‌ನ ಚಾಟ್ಸ್‌ವರ್ತ್‌ನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ಅವರಿಗೆ ಬರೇ 39. ಇದೆಲ್ಲವನ್ನೂ ವಿಡಿಯೊದ ಕೊನೆಯಲ್ಲಿ ಒಂದೇ ಉಸಿರಿಗೆ ಹೇಳಿ ಮುಗಿಸಿದ್ದರು.

ನಾನು ಕೇಳುತ್ತಿರುವುದು ಇಷ್ಟು. ಸಾಬು ಅವರನ್ನು ಅದೃಷ್ಟವಂತ ಹುಡುಗ ಎಂದು ಕೊಂಡಾಡುವುದನ್ನು ಬದಿಗಿಟ್ಟು, ನಟ ಎಂದು ತೂಗಿ ನೋಡಿದವರು ಇಲ್ಲಿ ಇದ್ದೀರಾ? ಯಾವ ಚಿತ್ರ, ಯಾವ ದೃಶ್ಯ? ಹಾಲಿವುಡ್ ಅವರಿಗೆ ಅನ್ಯಾಯ ಮಾಡಿತೇ, ಅಥವಾ ಅವರ ಶಕ್ತಿಯೇ ಅಷ್ಟಿತ್ತೇ?

ಕಾಫಿಪುಡಿ

ಕನ್ನಡ ನಾಡಿನ ಹೆಮ್ಮೆ. ಮೈಸೂರು ನಗರದಲ್ಲಿ ಹುಟ್ಟಿ ಹಾಲಿವುಡ್ ಗೆದ್ದ ಮೊದಲ ಭಾರತೀಯ!

ಕಬಿನಿದಡ

ಮೈಸೂರು ನಗರವಲ್ಲ. ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾರಾಪುರ. ಹುಟ್ಟಿದ್ದು 1924ರ ಜನವರಿ 27. ನಮ್ಮ ಕಡೆಯ ಊರು, ಆದ್ದರಿಂದ ಇದನ್ನು ಎಲ್ಲಿ ಕಂಡರೂ ತಿದ್ದುತ್ತೇನೆ. ಪತ್ರಿಕೆಗಳೂ ‘ಮೈಸೂರಿನ ಸಾಬು’ ಎಂದು ಬರೆದು ಕೈತೊಳೆದುಕೊಳ್ಳುತ್ತವೆ.

ಕಾರಾಪುರದಲ್ಲಿ ಮಹಾರಾಜರ ಬೇಟೆ ಬಂಗಲೆ ಇತ್ತು, ಈಗ ಅಲ್ಲೇ ಜಂಗಲ್ ಲಾಡ್ಜಸ್‌ನವರ ವಸತಿಗೃಹ ಇದೆ. ಪಕ್ಕದ ಕಾಕನಕೋಟೆ ಕಾಡಿನಲ್ಲಿ ಕಾಡಾನೆ ಹಿಡಿಯುವ ಖೆಡ್ಡಾ ನಡೆಯುತ್ತಿತ್ತು. ಕಾಡಾನೆಗಳ ಹಿಂಡನ್ನು ಕಬಿನಿ ಹೊಳೆಗೆ ಇಳಿಸಿ ದಾಟಿಸುತ್ತಿದ್ದ ಆ ನೋಟಕ್ಕೆ ವೈಸರಾಯ್‌ಗಳೇ ಬರುತ್ತಿದ್ದರು. ನಮ್ಮ ತಾತ ಖೆಡ್ಡಾದಲ್ಲಿ ಕೂಲಿ ಮಾಡಿದವರು. ಸಾಬು ಅಂಥ ಪರಿಸರದಲ್ಲಿ, ಅರಮನೆಯ ಆನೆಗಳ ನಡುವೆ ಬೆಳೆದ ಹುಡುಗ. ಕ್ಯಾಮೆರಾ ಮುಂದೆ ಆನೆಯ ಕಾಲು ಮೆಟ್ಟಿ ಮೇಲೇರುವುದು ಅವರಿಗೆ ನಟನೆಯಾಗಿರಲಿಲ್ಲ. ಆಮೇಲಿನದ್ದನ್ನೆಲ್ಲ ಕಲಿತೇ ಮಾಡಬೇಕಾಯಿತು. ರೀಲುಪೆಟ್ಟಿಗೆಯವರ ಪ್ರಶ್ನೆ ಸರಿಯಾಗಿದೆ.

ದಸರಾಗೊಂಬೆ

ಮೈಸೂರು ನಗರಕ್ಕೂ ಸ್ವಲ್ಪ ಪಾಲು ಕೊಡಿ ಕಬಿನಿದಡದವರೇ. ‘ಎಲಿಫೆಂಟ್ ಬಾಯ್’ ತೆಗೆಯಲು ಬಂದ ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ ತಂಡ ಬೀಡುಬಿಟ್ಟಿದ್ದು ಇಲ್ಲಿನ ಚಿತ್ತರಂಜನ ಮಹಲ್‌ನಲ್ಲಿ. ಮುಂದೆ ಪ್ರೀಮಿಯರ್ ಸ್ಟುಡಿಯೊ ಆಗಿ ಕನ್ನಡ ಚಿತ್ರಗಳ ಚಿತ್ರೀಕರಣ ಕಂಡ ಆವರಣವೇ ಅದು. ಈಗ ಹೋಟೆಲ್ ಆಗಿದೆ. ಅದರ ಮುಂದೆ ದಿನವೂ ಓಡಾಡುವವರಲ್ಲಿ ಎಷ್ಟು ಜನಕ್ಕೆ ಈ ಕಥೆ ಗೊತ್ತಿದೆ?

ಚಿತ್ರದಲ್ಲಿ ಕಾಲಾ ನಾಗ್ ಆಗಿ ಬರುವ ಆನೆಯ ನಿಜವಾದ ಹೆಸರು ಐರಾವತ. ಅದೂ ಮಹಾರಾಜರ ಲಾಯದ್ದು.

ಹಳೆತೆರೆ

ನಾನು ಬಹಳ ಕಾಲ ಒಂದು ಚಿತ್ರಸಮಾಜದಲ್ಲಿ ಇದ್ದವನು, ಸಾಬು ಅವರ ಮುಖ್ಯ ಚಿತ್ರಗಳನ್ನೆಲ್ಲ ನೋಡಿದ್ದೇನೆ. ಪ್ರಶ್ನೆಗೆ ನೇರವಾಗಿ ಉತ್ತರಿಸುತ್ತೇನೆ.

‘ಎಲಿಫೆಂಟ್ ಬಾಯ್’ ಬಗ್ಗೆ ಎಲ್ಲರೂ ಹೇಳುವುದು ಫ್ಲಾಹರ್ಟಿ ಮಾತು. ಆದರೆ ಅರ್ಧ ಚಿತ್ರ ಲಂಡನ್ ಹತ್ತಿರದ ಡೆನಮ್ ಸ್ಟುಡಿಯೊದಲ್ಲಿ ಚಿತ್ರಿತವಾಯಿತು. ನಿರ್ಮಾಪಕ ಅಲೆಕ್ಸಾಂಡರ್ ಕೊರ್ಡಾ ಅವರಿಗೆ ಫ್ಲಾಹರ್ಟಿ ತಂದ ರೀಲುಗಳಲ್ಲಿ ಕಥೆ ಕಾಣಲಿಲ್ಲ, ತಮ್ಮ ಜೋಲ್ಟಾನ್ ಕೈಯಲ್ಲಿ ಹೊಸ ದೃಶ್ಯಗಳನ್ನು ಮಾಡಿಸಿದರು. 1937ರಲ್ಲಿ ವೆನಿಸ್ ಚಿತ್ರೋತ್ಸವದ ನಿರ್ದೇಶನ ಪ್ರಶಸ್ತಿ ಇಬ್ಬರಿಗೂ ಸೇರಿ ಬಂದದ್ದು ಅದಕ್ಕೇ. ಈಗ ಯೋಚಿಸಿ. ಇಂಗ್ಲಿಷ್ ಬಾರದ ಹನ್ನೆರಡರ ಹುಡುಗನನ್ನು, ಅಣ್ಣನೊಬ್ಬನನ್ನು ಜೊತೆಮಾಡಿ ಹಡಗು ಹತ್ತಿಸಿ, ಚಳಿದೇಶದ ಕೃತಕ ಕಾಡಿನೊಳಗೆ ನಿಲ್ಲಿಸಿ, ಬ್ರಿಟಿಷ್ ನಟರ ಎದುರು ಸಂಭಾಷಣೆ ಹೇಳಿಸಿದರು. ಕಾರಾಪುರದ ದೃಶ್ಯಕ್ಕೂ ಡೆನಮ್ ದೃಶ್ಯಕ್ಕೂ ನಡುವೆ ಆ ಮುಖದಲ್ಲಿ ಹೊಲಿಗೆ ಕಾಣುವುದಿಲ್ಲ. ಹುಟ್ಟಿನಿಂದ ಬಂದ ಚಂದ ಎಂದು ಇದನ್ನು ತಳ್ಳಿಹಾಕುವುದು ಸುಲಭ. ನನ್ನ ದೃಷ್ಟಿಯಲ್ಲಿ ಆ ಹುಡುಗ ನಟನಾದದ್ದು ಡೆನಮ್‌ನಲ್ಲೇ.

ಇನ್ನು 1940ರ ‘ದಿ ಥೀಫ್ ಆಫ್ ಬಗ್ದಾದ್’. ಹದಿನಾರು ವರ್ಷದ ಸಾಬು ಅದರಲ್ಲಿ ಕಳ್ಳ ಅಬು. ಎದುರಿಗೆ ಇರುವವರು ಕಾನ್ರಾಡ್ ಫೈಟ್! ಜರ್ಮನ್ ಮೂಕಿಚಿತ್ರಗಳ ಕಾಲದಿಂದ ಪಳಗಿದ ದೈತ್ಯ ನಟ. ಆ ಚಿತ್ರವನ್ನು ಹೊತ್ತು ನಡೆಯುವವನು ಅಬು, ರಾಜಕುಮಾರನಲ್ಲ. ರಾಜಕುಮಾರ ಪ್ರೀತಿ ಮಾಡುತ್ತಾ ನಿಲ್ಲುತ್ತಾನೆ, ಕೆಲಸವೆಲ್ಲ ಅಬುವಿನದು. ಸೀಸೆಯಿಂದ ಹೊರಬಂದ ಭೂತವನ್ನು ಮಾತಿನಲ್ಲಿ ಮರುಳುಮಾಡಿ ಮತ್ತೆ ಸೀಸೆಗೆ ಇಳಿಸುವ ದೃಶ್ಯವನ್ನು ನೋಡಿ. ಹೆದರಿಕೆಯಿಂದ ಕುತಂತ್ರಕ್ಕೆ ಆ ಕಣ್ಣು ಹೊರಳುವ ವೇಗ ಕಲಿಸಿ ಬರುವಂಥದ್ದಲ್ಲ, ಹಾಗೆಂದು ಕಲಿಯದವನಿಗೂ ಬರುವುದಿಲ್ಲ.

ಬಣ್ಣದಡಬ್ಬಿ

ಹಳೆತೆರೆಯವರು ಹೇಳಿದ ದೃಶ್ಯಕ್ಕೆ ನನ್ನ ಕಡೆಯಿಂದ ಒಂದು ಮಾತು. ನಾನು ದೃಶ್ಯಪರಿಣಾಮಗಳ ಕೆಲಸ ಮಾಡುವವಳು. ಆ ಚಿತ್ರದಲ್ಲಿ ಲ್ಯಾರಿ ಬಟ್ಲರ್, ನೀಲಿ ಹಿನ್ನೆಲೆಯ ಮುಂದೆ ತೆಗೆದ ನಟನನ್ನು ಬೇರೆ ದೃಶ್ಯಕ್ಕೆ ಕೂಡಿಸುವ ನೀಲಿ ತೆರೆಯ ತಂತ್ರವನ್ನು ಬಣ್ಣದ ಚಿತ್ರಕ್ಕೆ ಒಗ್ಗಿಸಿದರು. ಇವತ್ತಿಗೂ ನಾವು ನೀಲಿ, ಹಸಿರು ಬಟ್ಟೆ ಕಟ್ಟಿ ಮಾಡುವ ಕೆಲಸದ ಬೇರು ಅಲ್ಲಿದೆ. ಛಾಯಾಗ್ರಹಣ, ಕಲಾ ನಿರ್ದೇಶನ, ವಿಶೇಷ ಪರಿಣಾಮ, ಮೂರಕ್ಕೂ ಆಸ್ಕರ್ ಬಂತು.

ಅಂದರೆ ಸಾಬು ಎಷ್ಟೋ ಸಲ ನಟಿಸುತ್ತಿದ್ದದ್ದು ಎದುರಿಗೆ ಇಲ್ಲದ ವಸ್ತುವಿಗೆ. ಭೂತ ಅಷ್ಟೆತ್ತರಕ್ಕೆ ಅಲ್ಲಿ ನಿಂತಿರಲಿಲ್ಲ. ಭೂತದ ಪಾತ್ರದ ರೆಕ್ಸ್ ಇಂಗ್ರಾಮ್ ಬೇರೆ ಕಡೆ, ಬೇರೆ ಅಳತೆಯಲ್ಲಿ. ಇಂದಿನ ನಟರಿಗೇ ನೋಟದ ಎತ್ತರ ತಪ್ಪುತ್ತದೆ. ನಾನು ಆ ದೃಶ್ಯಗಳನ್ನು ಚೌಕಟ್ಟು ಚೌಕಟ್ಟಾಗಿ ನಿಲ್ಲಿಸಿ ನೋಡಿದ್ದೇನೆ, ಹುಡುಗನ ದೃಷ್ಟಿ ಎಲ್ಲೂ ತೇಲುವುದಿಲ್ಲ. ನನಗೆ ನಟ ಎನ್ನಲು ಇಷ್ಟು ಸಾಕು.

ಸಂಜೆಮಲ್ಲಿಗೆ

ಎಲ್ಲರೂ ಹೊಗಳಿಕೆಗೆ ಇಳಿಯುವ ಮೊದಲು ‘ದಿ ಡ್ರಮ್’ ನೆನಪಿಸಬೇಕು. 1938. ವಾಯವ್ಯ ಗಡಿಯ ಕಥೆ. ಬ್ರಿಟಿಷರಿಗೆ ನಿಷ್ಠನಾದ ಪುಟ್ಟ ರಾಜಕುಮಾರ ಒಳ್ಳೆಯವನು, ಎದುರು ನಿಂತವನು ದುಷ್ಟ. ಬಾಂಬೆ, ಮದ್ರಾಸುಗಳಲ್ಲಿ ಜನ ಬೀದಿಗೆ ಇಳಿದು ಪ್ರತಿಭಟಿಸಿದರು, ಚಿತ್ರವನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಆ ರಾಜಕುಮಾರ ಅಜೀಮ್ ಸಾಬುವೇ. ನಮ್ಮ ದೇಶ ಸ್ವಾತಂತ್ರ್ಯಕ್ಕೆ ಬಡಿದಾಡುತ್ತಿದ್ದ ಕಾಲದಲ್ಲಿ ಸಾಮ್ರಾಜ್ಯದ ಜಾಹೀರಾತಿಗೆ ನಮ್ಮ ಹುಡುಗನ ಮುಖವನ್ನೇ ಹಚ್ಚಿದರು. ಈ ಅಧ್ಯಾಯವನ್ನು ಬಿಟ್ಟು ‘ಹೆಮ್ಮೆ’ ಎನ್ನುವವರ ಮಾತು ನನಗೆ ಹಿಡಿಸುವುದಿಲ್ಲ.

ಕಾಫಿಪುಡಿ

ಹದಿನಾಲ್ಕರ ಹುಡುಗನ ಮೇಲೆ ರಾಜಕೀಯದ ಭಾರ ಹೊರಿಸುತ್ತೀರಾ ಮೇಡಂ?

ಸಂಜೆಮಲ್ಲಿಗೆ

ಹುಡುಗನ ಮೇಲೆ ಹೊರಿಸಿಲ್ಲ, ಇನ್ನೊಮ್ಮೆ ಓದಿ. ಬಳಸಿಕೊಂಡವರ ಮೇಲೆ ಹೊರಿಸಿದ್ದೇನೆ. ಒಪ್ಪಂದಕ್ಕೆ ಸಹಿ ಹಾಕಿಸಿದ್ದು ಕೊರ್ಡಾ, ಕಥೆ ಆರಿಸಿದ್ದು ಕೊರ್ಡಾ. ಹಿಂದೆ ಮುಂದೆ ಯಾರೂ ಇಲ್ಲದ ಮಗು ಬೇಡ ಎನ್ನುವುದಾದರೂ ಹೇಗೆ? ನನಗೆ ಸಿಟ್ಟು ಇರುವುದು ಅದಕ್ಕೇ.

ಹಳೆತೆರೆ

ಸಂಜೆಮಲ್ಲಿಗೆಯವರ ಮಾತಿಗೆ ನನ್ನ ಪೂರ್ಣ ಸಹಮತ ಇದೆ. ಒಂದು ಸೇರಿಸುತ್ತೇನೆ. ಆ ಚಿತ್ರದ ಖಳನಾಯಕ ಘುಲ್ ಪಾತ್ರಕ್ಕೆ ಮುಖಕ್ಕೆ ಬಣ್ಣ ಬಳಿದುಕೊಂಡು ನಿಂತವರು ರೇಮಂಡ್ ಮ್ಯಾಸಿ, ಕೆನಡಾ ಮೂಲದ ನಟ. ಭಾರತದವರಲ್ಲಿ ಮುಖ್ಯ ಪಾತ್ರ ಸಿಕ್ಕಿದ್ದು ಸಾಬುಗೆ ಮಾತ್ರ.

ವಿಮಾನಪ್ರೇಮಿ

ಚಿತ್ರಗಳ ವಿಷಯ ನೀವು ನೋಡಿಕೊಳ್ಳಿ, ಯುದ್ಧದ ಭಾಗ ನನಗೆ ಬಿಡಿ.

ಅಮೆರಿಕದ ಸೇನಾ ವಾಯುಪಡೆಯಲ್ಲಿ ಸಾಬು ಬಿ-24 ಲಿಬರೇಟರ್ ವಿಮಾನದ ಗನ್ನರ್. ಪೆಸಿಫಿಕ್ ರಂಗದ 307ನೇ ಬಾಂಬರ್ ಗುಂಪು. ದೂರದ ಗುರಿಗಳಿಗೆ ಹಾರುವುದಕ್ಕೆ ಹೆಸರಾದ ಗುಂಪು ಅದು. ವಿಮಾನದ ಬಾಲದಲ್ಲಿ ಕೂತ ಗನ್ನರ್ ಎಂದು ಕೆಲವರು ಬರೆಯುತ್ತಾರೆ, ಹೊಟ್ಟೆಯ ಕೆಳಗಿನ ಗೋಳದಲ್ಲಿ ಎಂದು ಇನ್ನು ಕೆಲವರು. ಎರಡರಲ್ಲಿ ಯಾವುದಾದರೂ ಸರಿ, ಅದರ ಅರ್ಥ ತಿಳಿಯಬೇಕು. ಹೊಟ್ಟೆಯ ಗೋಳ ಎಂದರೆ ಮೊಣಕಾಲು ಮಡಚಿಕೊಂಡು, ವಿಮಾನದ ಹೊರಗೆ ನೇತಾಡುವ ಲೋಹದ ಗುಂಡಿನೊಳಗೆ ಕೂರುವುದು. ಪ್ಯಾರಾಶೂಟ್ ಹಾಕಿಕೊಂಡು ಕೂರಲು ಅಲ್ಲಿ ಜಾಗವಿಲ್ಲ. ಕೆಳಗೆ ಗಂಟೆಗಟ್ಟಲೆ ಬರೀ ಸಮುದ್ರ. ಬಾಲದಲ್ಲಿ ಕೂತವನಾದರೆ ಹಿಂದಿನಿಂದ ಎರಗುವ ಯುದ್ಧವಿಮಾನಕ್ಕೆ ಅವನೇ ಮೊದಲ ಗುರಿ.

ಹೆಸರಾದ ನಟರಲ್ಲಿ ಹಲವರು ಯುದ್ಧಕಾಲದಲ್ಲಿ ಪ್ರಚಾರದ ಕೆಲಸಕ್ಕೆ ಹೋದರು. ಅದೂ ದೇಶಸೇವೆಯೇ. ಆದರೆ ಈತ ತೆರೆಯ ಮೇಲೆ ಬೇಡಿಕೆ ಇದ್ದ ಹೊತ್ತಿನಲ್ಲಿ ಹೋಗಿ ಕೂತದ್ದು ಬಂದೂಕಿನ ಹಿಂದೆ. ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಸಿಕ್ಕಿತು. ಆ ಪದಕವನ್ನು ಸಿನಿಮಾ ಮುಖ ನೋಡಿ ಕೊಡುವುದಿಲ್ಲ.

ಪಡುವಣತೀರ

ಕ್ಯಾಲಿಫೋರ್ನಿಯಾದಿಂದ ಬರೆಯುತ್ತಿದ್ದೇನೆ. ಮಕ್ಕಳನ್ನು ಕರೆದುಕೊಂಡು ಹಾಲಿವುಡ್ ಬೀದಿಗೆ ಹೋದಾಗ ಅಲ್ಲಿ ಸಾಬು ಹೆಸರಿನ ನಕ್ಷತ್ರ ತೋರಿಸುತ್ತೇನೆ. 1960ರಲ್ಲಿ ಇಟ್ಟದ್ದು. ಸುತ್ತ ಯಾರೂ ನಿಲ್ಲುವುದಿಲ್ಲ. ಸಮಾಧಿ ಫಾರೆಸ್ಟ್ ಲಾನ್‌ನ ಹಾಲಿವುಡ್ ಹಿಲ್ಸ್ ಸ್ಮಶಾನದಲ್ಲಿದೆ.

ಇಲ್ಲಿನ ಭಾರತೀಯರ ಇತಿಹಾಸದ ಬಗ್ಗೆ ಮಾತಾಡುವಾಗ ಪಂಜಾಬಿನ ರೈತರ ಹೆಸರು ಬರುತ್ತದೆ, ವಿಜ್ಞಾನಿಗಳ ಹೆಸರು ಬರುತ್ತದೆ, ಸಾಬು ಹೆಸರು ಬರುವುದೇ ಇಲ್ಲ. ನನಗೊಂದು ಸಂಶಯ ಇದೆ. 1946ರ ತನಕ ಭಾರತೀಯರಿಗೆ ಇಲ್ಲಿ ಪೌರತ್ವ ಇರಲಿಲ್ಲ ಎಂದು ಓದಿದ್ದೇನೆ. 1944ರಲ್ಲಿ ಸಾಬುಗೆ ಹೇಗೆ ಸಿಕ್ಕಿತು? ಸಿನಿಮಾದವರ ಪ್ರಭಾವವೇ?

ಕಟಕಟೆ

ಪ್ರಭಾವದ ಮಾತು ಬೇಡ, ಕಾನೂನು ನೋಡಿ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಭಾರತೀಯರು ‘ಬಿಳಿಯರ’ ವ್ಯಾಖ್ಯೆಗೆ ಬರುವುದಿಲ್ಲ, ಆದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂದಿತು. ಆಗಲೇ ಪೌರತ್ವ ಪಡೆದಿದ್ದವರಿಂದಲೂ ಕಿತ್ತುಕೊಂಡರು. ಥಿಂಡ್ ಸ್ವತಃ ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿದ್ದವರು! ಆ ಬಾಗಿಲು ಎಲ್ಲರಿಗೂ ತೆರೆದದ್ದು 1946ರ ಲೂಸ್-ಸೆಲ್ಲರ್ ಕಾಯ್ದೆಯಿಂದ. ಆಗಲೂ ಹೊಸದಾಗಿ ವಲಸೆ ಬರಲು ವರ್ಷಕ್ಕೆ ನೂರೇ ಭಾರತೀಯರಿಗೆ ಅವಕಾಶ.

ನಡುವೆ 1942ರಲ್ಲಿ ಯುದ್ಧಕಾಲದ ಒಂದು ಕಾಯ್ದೆ ಬಂತು. ಸೇನೆಯಲ್ಲಿ ಸೇವೆ ಸಲ್ಲಿಸುತ್ತಿರುವ ವಿದೇಶಿಯರಿಗೆ ಜನಾಂಗ ನೋಡದೆ ಪೌರತ್ವ ಕೊಡಬಹುದು ಎಂದು. ಸಾಬು ಸೇನೆ ಸೇರಿದ್ದೂ ಪೌರತ್ವ ಸಿಕ್ಕಿದ್ದೂ ಆ ಅವಧಿಯಲ್ಲೇ.

ಆದ್ದರಿಂದ ‘ಅವರು ಅಮೆರಿಕದವರೇ?’ ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಹೌದು. ಆ ದೇಶದಲ್ಲಿ ಹುಟ್ಟಿದ್ದರಿಂದಲೇ ಪೌರರಾದ ಎಷ್ಟೋ ನಟರಿಗಿಂತ ಹೆಚ್ಚಿನ ಬೆಲೆ ತೆತ್ತು ಆದವರು.

ಕಾಫಿಪುಡಿ

ಹಾಗಾದರೆ ನಮ್ಮವರಲ್ಲವೇ?

ಕಬಿನಿದಡ

ಕಾರಾಪುರದಲ್ಲಿ ಹುಟ್ಟಿದ್ದನ್ನು ಯಾವ ಕಾಯ್ದೆಯೂ ಅಳಿಸುವುದಿಲ್ಲ. ಎರಡೂ ಇರಲಿ, ಬಿಡಿ.

ದಸರಾಗೊಂಬೆ

ಹೆಸರಿನ ಗೊಂದಲವನ್ನೂ ಯಾರಾದರೂ ಬಿಡಿಸಿ. ಕೆಲವೆಡೆ ಸಾಬು ದಸ್ತಗೀರ್, ಕೆಲವೆಡೆ ಸೇಲಾರ್ ಶೇಖ್ ಸಾಬು.

ಹಳೆತೆರೆ

ದಸ್ತಗೀರ್ ಎಂಬುದು ಅಣ್ಣನ ಹೆಸರು. ಅಣ್ಣ ತಮ್ಮ ಒಟ್ಟಿಗೆ ಹೋದಾಗ ಕಾಗದಪತ್ರದಲ್ಲಿ ಅದು ಮನೆತನದ ಹೆಸರಿನಂತೆ ಅಂಟಿಕೊಂಡಿತು. ತೆರೆಯ ಮೇಲೆ ಯಾವಾಗಲೂ ‘ಸಾಬು’ ಅಷ್ಟೇ. ಆ ಅಣ್ಣ ಕೊನೆಯ ತನಕ ತಮ್ಮನ ಜೊತೆಗೇ ಇದ್ದರು. 1960ರಲ್ಲಿ ಅಂಗಡಿಯಲ್ಲಿ ನಡೆದ ದರೋಡೆ ಯತ್ನದಲ್ಲಿ ಅವರ ಕೊಲೆಯಾಯಿತು. ಮೂರೇ ವರ್ಷಕ್ಕೆ ಸಾಬು ಹೋದರು.

ರೀಲುಪೆಟ್ಟಿಗೆ

ಅಣ್ಣನ ವಿಷಯ ಓದಿ ಸಂಕಟವಾಯಿತು.

ಎಲ್ಲರಿಗೂ ಧನ್ಯವಾದ, ಆದರೆ ಒಂದು ಭಾಗ ಇನ್ನೂ ಬಂದಿಲ್ಲ. ಯೂನಿವರ್ಸಲ್ ಸ್ಟುಡಿಯೊದ ಕಾಲ. ಮರಿಯಾ ಮಾಂಟೆಜ್, ಜಾನ್ ಹಾಲ್ ಜೋಡಿಯ ಜೊತೆ ‘ಅರೇಬಿಯನ್ ನೈಟ್ಸ್’, ‘ವೈಟ್ ಸ್ಯಾವೇಜ್’, ‘ಕೋಬ್ರಾ ವುಮನ್’. ನನ್ನ ಮಟ್ಟಿಗೆ ಹಾಲಿವುಡ್ ಅವರನ್ನು ಕುಗ್ಗಿಸಿದ್ದು ಅಲ್ಲಿಂದ. ‘ಬಗ್ದಾದ್’ನಲ್ಲಿ ಕಥೆಯ ಬೆನ್ನೆಲುಬಾಗಿದ್ದವರು ಎರಡೇ ವರ್ಷದಲ್ಲಿ ನಾಯಕನ ಗೆಳೆಯನಾಗಿ ಮೂಲೆಗೆ ಸರಿದರು. ಪ್ರೀತಿಸುವ ಹಕ್ಕು ಜಾನ್ ಹಾಲ್‌ಗೆ, ನಗಿಸುವ ಕೆಲಸ ಸಾಬುಗೆ.

ಬಣ್ಣದಡಬ್ಬಿ

ಆ ಚಿತ್ರಗಳನ್ನು ಅಷ್ಟು ಹಗುರವಾಗಿ ನೋಡಬೇಡಿ. ‘ಅರೇಬಿಯನ್ ನೈಟ್ಸ್’ ಮೂರು ಫಿಲ್ಮ್ ಪಟ್ಟಿಗಳಲ್ಲಿ ಬಣ್ಣ ಹಿಡಿಯುವ ಟೆಕ್ನಿಕಲರ್ ವಿಧಾನದಲ್ಲಿ ಯೂನಿವರ್ಸಲ್ ತೆಗೆದ ಮೊದಲ ಚಿತ್ರ. ಯುದ್ಧದ ನಡುವೆ ಜನ ಕಿಕ್ಕಿರಿದು ನೋಡಿದ ಬಣ್ಣದ ಹಬ್ಬ. ‘ಕೋಬ್ರಾ ವುಮನ್’ ನಿರ್ದೇಶಿಸಿದ್ದು ರಾಬರ್ಟ್ ಸಿಯೋಡ್ಮಾಕ್, ಕತ್ತಲ ಅಪರಾಧ ಚಿತ್ರಗಳಿಗೆ ಹೆಸರಾದವರು. ಮಾಂಟೆಜ್ ಕೂಡ 1951ರಲ್ಲಿ, ಸಾಬು ತೀರಿಕೊಂಡ 39ರ ವಯಸ್ಸಿನಲ್ಲೇ ಹೋದರು.

ಪಾತ್ರ ಕುಗ್ಗಿತು ಎನ್ನುವುದನ್ನು ಒಪ್ಪುತ್ತೇನೆ. ಆದರೂ ಅವರು ತೆರೆಗೆ ಬಂದಾಗಲೆಲ್ಲ ಆ ಚಿತ್ರಗಳಿಗೆ ಜೀವ ಬರುತ್ತದೆ. ಜಾನ್ ಹಾಲ್ ನಿಂತಲ್ಲೇ ನಿಂತಿರುತ್ತಾರೆ.

ಸಂಜೆಮಲ್ಲಿಗೆ

ರೀಲುಪೆಟ್ಟಿಗೆಯವರು ಹೇಳಿದ ‘ಪ್ರೀತಿಸುವ ಹಕ್ಕು’, ಅದೇ ಈ ಚರ್ಚೆಯ ತಿರುಳು. ಆಗ ಚಿತ್ರಗಳಲ್ಲಿ ಏನು ತೋರಿಸಬಹುದೆಂದು ಕಟ್ಟುಪಾಡು ಹಾಕಿದ್ದ ಹಾಲಿವುಡ್‌ನ ಹೇಸ್ ಸಂಹಿತೆ ಕರಿಯರು ಮತ್ತು ಬಿಳಿಯರ ನಡುವಿನ ಪ್ರಣಯವನ್ನು ತೆರೆಯ ಮೇಲೆ ತೋರಿಸಬಾರದು ಎಂದು ಲಿಖಿತವಾಗಿಯೇ ಹೇಳುತ್ತಿತ್ತು. ಸ್ಟುಡಿಯೊಗಳು ಅದರ ನೆರಳನ್ನು ಬಿಳಿಯರಲ್ಲದ ಎಲ್ಲ ನಟರ ಮೇಲೂ ಹರಡಿದವು. ಹುಡುಗನಾಗಿದ್ದಾಗ ಸಾಬು ಯಾರಿಗೂ ಅಪಾಯವಲ್ಲ. ಮೀಸೆ ಮೂಡಿದ ದಿನದಿಂದ ಬರಹಗಾರರಿಗೆ ಅವರನ್ನು ಎಲ್ಲಿ ಕೂರಿಸುವುದೆಂದೇ ತಿಳಿಯಲಿಲ್ಲ.

1949ರ ‘ಸಾಂಗ್ ಆಫ್ ಇಂಡಿಯಾ’ ನೋಡಿ. ಹೆಸರಿನಲ್ಲೇ ಭಾರತ ಇದೆ. ರಾಜಕುಮಾರಿ ಗೇಲ್ ರಸೆಲ್, ಮಹಾರಾಜ ತುರ್ಹಾನ್ ಬೇ. ಭಾರತದಲ್ಲಿ ಹುಟ್ಟಿ, ನಿಜವಾದ ಮಹಾರಾಜರ ಆನೆಗಳ ನಡುವೆ ಬೆಳೆದವರಿಗೆ ಮಾತ್ರ ಮತ್ತೆ ಕಾಡೇ ಗತಿ.

ಕಟಕಟೆ

ನಿಜಜೀವನದಲ್ಲಿ ಆ ಗೋಡೆಯನ್ನು ಅವರು ದಾಟಿದರು. 1948ರಲ್ಲಿ ನಟಿ ಮರಿಲಿನ್ ಕೂಪರ್ ಅವರನ್ನು ಮದುವೆಯಾದರು, ಇಬ್ಬರು ಮಕ್ಕಳು. ಅದೇ ವರ್ಷ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ಪೆರೆಜ್ ಪ್ರಕರಣದಲ್ಲಿ ಅಂತರಜನಾಂಗೀಯ ಮದುವೆಯ ನಿಷೇಧವನ್ನು ಹೊಡೆದುಹಾಕಿತು. ಆ ನಿಷೇಧದ ಪಟ್ಟಿಯಲ್ಲಿ ಭಾರತೀಯರ ಹೆಸರು ನೇರವಾಗಿ ಇರಲಿಲ್ಲ. ಆದರೆ ಮದುವೆ ಪರವಾನಗಿ ಕೊಡುವ ಗುಮಾಸ್ತ ಚರ್ಮದ ಬಣ್ಣ ನೋಡಿ ತೀರ್ಮಾನಿಸುತ್ತಿದ್ದ ಕಾಲ ಅದು. ಪಂಜಾಬಿ ರೈತರ ಕಥೆಗಳಲ್ಲಿ ಇದು ತುಂಬಾ ಬರುತ್ತದೆ.

ಪಡುವಣತೀರ

ಮಗ ಪಾಲ್ ಸಾಬು ರಾಕ್ ಸಂಗೀತಗಾರರಾದರು. ಮಗಳು ಜಾಸ್ಮಿನ್ ಸಿನಿಮಾಗಳಿಗೆ ಕುದುರೆ ಪಳಗಿಸುವ ಕೆಲಸ ಮಾಡಿದರು, 2001ರಲ್ಲಿ ತೀರಿಕೊಂಡರು. ಅಜ್ಜ ಆನೆ ಪಳಗಿಸಿದವರು, ಮೊಮ್ಮಗಳು ಕುದುರೆ.

ಕಾಫಿಪುಡಿ

ಆಹಾ, ಇದು ಗೊತ್ತಿರಲಿಲ್ಲ.

ಕಬಿನಿದಡ

ಆನೆಯ ಮಾತು ಬಂದದ್ದಕ್ಕೆ ಹೇಳುತ್ತೇನೆ, ವಿಷಯ ಸ್ವಲ್ಪ ಪಕ್ಕಕ್ಕೆ ಹೋದರೂ ಸರಿ. ನಮ್ಮ ಕಡೆ ಮಾವುತರಲ್ಲಿ ಮುಸ್ಲಿಮರೂ ಇದ್ದಾರೆ, ಜೇನುಕುರುಬರೂ ಇದ್ದಾರೆ. ಈ ಕೆಲಸ ಅಪ್ಪನಿಂದ ಮಗನಿಗೆ ಬರುತ್ತದೆ. ಒಬ್ಬ ಮಾವುತ, ಕೈಕೆಳಗೆ ಒಬ್ಬ ಕಾವಾಡಿ. ಮಕ್ಕಳು ಆನೆಗೆ ಸೊಪ್ಪು ತರುತ್ತ, ಹೊಳೆಯಲ್ಲಿ ತಿಕ್ಕುತ್ತ ಕಲಿಯುತ್ತಾರೆ. ದಸರಾ ಮೆರವಣಿಗೆಯಲ್ಲಿ ಆನೆಯ ಹೆಸರು ಎಲ್ಲರ ಬಾಯಲ್ಲಿರುತ್ತದೆ, ಮೇಲೆ ಕೂತವನ ಹೆಸರು ಎಷ್ಟು ಜನ ಕೇಳುತ್ತಾರೆ? ಸಾಬು ಕಥೆಯನ್ನು ‘ಅದೃಷ್ಟ’ ಎಂದು ಹೇಳಿದಾಗಲೆಲ್ಲ ಈ ಕಸುಬಿನ ಕಲಿಕೆಯೂ ಅಳಿಸಿಹೋಗುತ್ತದೆ. ಅಷ್ಟು ದೊಡ್ಡ ಪ್ರಾಣಿಯ ಮುಂದೆ ಮೈಯನ್ನು ಹಗುರಾಗಿ, ಎಚ್ಚರವಾಗಿ ಇಟ್ಟುಕೊಳ್ಳುವುದನ್ನು ಅವರು ಸ್ಟುಡಿಯೊಗೆ ಹೋಗುವ ಮೊದಲೇ ಕಲಿತಿದ್ದರು.

ಬಣ್ಣದಡಬ್ಬಿ

ಕಬಿನಿದಡದವರೇ, ಇದು ಪಕ್ಕದ ವಿಷಯ ಅಲ್ಲವೇ ಅಲ್ಲ. 1942ರ ‘ಜಂಗಲ್ ಬುಕ್’ನಲ್ಲಿ ಮೌಗ್ಲಿಯ ನಡಿಗೆ, ಮರ ಹತ್ತುವ ರೀತಿ ನೋಡಿದರೆ ನೀವು ಹೇಳಿದ್ದು ಕಾಣುತ್ತದೆ. ಕ್ಯಾಲಿಫೋರ್ನಿಯಾದ ಶೆರ್‌ವುಡ್ ಕೆರೆಯ ದಡದಲ್ಲಿ ಕೃತಕ ಕಾಡು ಕಟ್ಟಿ ತೆಗೆದ ಚಿತ್ರ. ಗಿಡಗಳು ಸುಳ್ಳು, ಹಾವು ರಬ್ಬರಿನದು. ನಂಬುವಂತೆ ಇರುವುದು ಸಾಬು ಮೈ ಒಂದೇ. ಮಿಕ್ಲೋಷ್ ರೋಜಾ ಸಂಗೀತಕ್ಕೆ ಸಾಬು ದನಿಯಲ್ಲೇ ಕಥೆ ಹೇಳಿಸಿ ಧ್ವನಿಮುದ್ರಿಕೆ ಕೂಡ ತಂದರು. ಅಮೆರಿಕದ ಚಿತ್ರದ ಹಿನ್ನೆಲೆ ಸಂಗೀತ ಡಿಸ್ಕ್ ಆಗಿ ಮಾರಾಟಕ್ಕೆ ಬಂದ ಮೊದಮೊದಲ ಉದಾಹರಣೆಗಳಲ್ಲಿ ಅದೂ ಒಂದು.

ದಸರಾಗೊಂಬೆ

‘ಬ್ಲ್ಯಾಕ್ ನಾರ್ಸಿಸಸ್’ ಬಗ್ಗೆ ಯಾರೂ ಬಾಯಿಬಿಡಲಿಲ್ಲವಲ್ಲ! ನನಗೆ ಅವರು ಇಷ್ಟವಾದದ್ದು ಅದರಲ್ಲೇ.

ಹಳೆತೆರೆ

ಬೇಕೆಂದೇ ಕೊನೆಗೆ ಉಳಿಸಿಕೊಂಡಿದ್ದೆ.

1947. ಮೈಕೆಲ್ ಪೊವೆಲ್, ಎಮೆರಿಕ್ ಪ್ರೆಸ್‌ಬರ್ಗರ್. ಹಿಮಾಲಯದ ತುದಿಯ ಹಳೆಯ ಅರಮನೆಯಲ್ಲಿ ಸನ್ಯಾಸಿನಿಯರು ಶಾಲೆ ತೆರೆಯುವ ಕಥೆ. ಒಂದು ಚೌಕಟ್ಟನ್ನೂ ಭಾರತದಲ್ಲಿ ತೆಗೆದಿಲ್ಲ. ಪೈನ್‌ವುಡ್ ಸ್ಟುಡಿಯೊ, ಸಸೆಕ್ಸ್‌ನ ಒಂದು ತೋಟ, ಗಾಜಿನ ಮೇಲೆ ಬರೆದ ಪರ್ವತಗಳು. ಜ್ಯಾಕ್ ಕಾರ್ಡಿಫ್ ಛಾಯಾಗ್ರಹಣಕ್ಕೆ ಆಸ್ಕರ್ ಬಂತು.

ಸಾಬು ಅದರಲ್ಲಿ ಯುವ ಜನರಲ್. ಒಡವೆ, ರೇಷ್ಮೆ ತೊಟ್ಟು, ಲಂಡನ್ನಿನ ಅಂಗಡಿಯಿಂದ ತರಿಸಿದ ಸುಗಂಧ ಹಚ್ಚಿಕೊಂಡು ಬರುತ್ತಾನೆ. ಚಿತ್ರದ ಹೆಸರೇ ಆ ಸುಗಂಧದ್ದು. ಹೆಂಗಸರ ಶಾಲೆಗೆ ಬಂದು ನನಗೂ ಪಾಠ ಹೇಳಿ ಎಂದು ಕೇಳುತ್ತಾನೆ, ಯಾವ ಹೊತ್ತಿಗೆ ಏನು ಕಲಿಯುತ್ತೇನೆ ಎಂಬ ವೇಳಾಪಟ್ಟಿಯನ್ನು ತಾನೇ ಓದಿ ಒಪ್ಪಿಸುತ್ತಾನೆ. ಆ ದೃಶ್ಯ ಕೈತಪ್ಪಿದರೆ ಕೋಡಂಗಿತನ ಆಗಿಬಿಡುತ್ತಿತ್ತು. ಸಾಬು ಅದನ್ನು ಎಷ್ಟು ಗಂಭೀರವಾಗಿ, ಎಷ್ಟು ಆಸೆಯಿಂದ ಹೇಳುತ್ತಾರೆಂದರೆ ನಗು ಬಂದರೂ ಅವನನ್ನು ಹೀಗಳೆಯಲು ಮನಸ್ಸು ಬರುವುದಿಲ್ಲ. ಎದುರಿಗೆ ಡೆಬೊರಾ ಕರ್. ಒಂದು ಹೆಜ್ಜೆಯೂ ಹಿಂದೆ ಬೀಳುವುದಿಲ್ಲ.

ಮತ್ತೊಂದು ಗಮನಿಸಿ. ಕಾಂಚಿ ಪಾತ್ರದ ಜೀನ್ ಸಿಮನ್ಸ್ ಇಂಗ್ಲಿಷ್ ಹುಡುಗಿ, ಮುದುಕ ಜನರಲ್ ಎಸ್ಮಂಡ್ ನೈಟ್, ಆಯಾ ಮೇ ಹ್ಯಾಲಟ್. ಎಲ್ಲರಿಗೂ ಕಂದು ಬಣ್ಣ. ಅಷ್ಟು ಬಣ್ಣ ಬಳಿದ ಮುಖಗಳ ನಡುವೆ ಬಳಿಯದ ಒಂದು ಮುಖ. ಪೊವೆಲ್ ಅವರಿಗೆ ‘ಬಗ್ದಾದ್’ ದಿನಗಳಿಂದ ಸಾಬು ಗೊತ್ತಿದ್ದರು, ಏನು ಕೇಳಬಹುದೆಂಬುದೂ ಗೊತ್ತಿತ್ತು.

ಅನ್ಯಾಯ ಆಯಿತೇ ಎಂದರೆ ಉತ್ತರ ಇಲ್ಲಿದೆ. 23ರ ಹರೆಯದಲ್ಲಿ ಇಷ್ಟು ಮಾಡಿ ತೋರಿಸಿದ ನಟನಿಗೆ ಹಾಲಿವುಡ್ ಮರುವರ್ಷ ಕೊಟ್ಟದ್ದು ‘ಮ್ಯಾನ್ ಈಟರ್ ಆಫ್ ಕುಮಾಂವ್’. ಬೇಟೆಗಾರ ಲೇಖಕ ಜಿಮ್ ಕಾರ್ಬೆಟ್ ಹೆಸರಿಟ್ಟುಕೊಂಡು ಕಾರ್ಬೆಟ್ ಬರೆದದ್ದನ್ನೆಲ್ಲ ಬಿಟ್ಟ ಚಿತ್ರ.

ವಿಮಾನಪ್ರೇಮಿ

ಪದಕ ತಂದವನಿಗೆ ಮತ್ತೆ ಪಂಚೆ ಸುತ್ತಿಸಿ ಹುಲಿಯ ಮುಂದೆ ನಿಲ್ಲಿಸಿದರು. ಓದಿ ಸಿಟ್ಟು ಬಂತು.

ಪಡುವಣತೀರ

ಬ್ರಿಟಿಷರನ್ನೂ ಅಷ್ಟು ಹೊಗಳಬೇಡಿ ಹಳೆತೆರೆಯವರೇ. ಅದೇ ವರ್ಷ ಅದೇ ಪೊವೆಲ್, ಪ್ರೆಸ್‌ಬರ್ಗರ್ ನಿರ್ಮಿಸಿದ ‘ದಿ ಎಂಡ್ ಆಫ್ ದಿ ರಿವರ್’ನಲ್ಲಿ ಸಾಬು ಬ್ರೆಜಿಲ್‌ನ ಮೂಲನಿವಾಸಿ. ಅರಬ, ದ್ವೀಪವಾಸಿ, ಬ್ರೆಜಿಲಿಯನ್, ಕಂದು ಚರ್ಮದ ಯಾರು ಬೇಕಾದರೂ ಆಗಬಹುದು, ಲಾಸ್ ಏಂಜಲೀಸ್‌ನ ಸಾಮಾನ್ಯ ಗೃಹಸ್ಥ ಮಾತ್ರ ಆಗಬಾರದು. ಅವರು ನಿಜವಾಗಿ ಇದ್ದದ್ದು ಹಾಗೆಯೇ!

ಹಳೆತೆರೆ

ಆ ಮಾತಿಗೆ ಎದುರಾಡುವುದಿಲ್ಲ. ಆದರೆ ‘ಎಂಡ್ ಆಫ್ ದಿ ರಿವರ್’ನಲ್ಲಿ ಅವರು ಕಥೆಯ ಕೇಂದ್ರ, ಹೆಂಡತಿ ಇದ್ದಾಳೆ, ಕೊಲೆ ಆರೋಪ ಹೊತ್ತು ನ್ಯಾಯಾಲಯದಲ್ಲಿ ನಿಲ್ಲುತ್ತಾರೆ. ಚಿತ್ರ ಸೋತಿತು. ಗೆದ್ದಿದ್ದರೆ ದಾರಿ ಬೇರೆ ಆಗುತ್ತಿತ್ತು ಎಂದು ನನ್ನ ನಂಬಿಕೆ.

ಐವತ್ತರ ದಶಕದಲ್ಲಿ ಕೆಲಸ ಹುಡುಕಿ ಯುರೋಪಿಗೆ ಹೋದರು. ಇಟಲಿಯಲ್ಲಿ ವಿತ್ತೋರಿಯೊ ದೆ ಸಿಕಾ ಜೊತೆ ಒಂದು ಹಾಸ್ಯಚಿತ್ರ ಮಾಡಿದರು. ಬಡ ಶಾಲಾಮಾಸ್ತರನಿಗೆ ಆನೆ ಉಡುಗೊರೆ ಕೊಡುವ ಭಾರತದ ರಾಜಕುಮಾರ. ಲಂಡನ್ನಿನ ಹ್ಯಾರಿಂಗೇ ಸರ್ಕಸ್‌ನಲ್ಲಿ ಆನೆಗಳ ಜೊತೆ ಕಾಣಿಸಿಕೊಂಡರು. ಅದೇ ಹೊತ್ತಿಗೆ ಮೆಹಬೂಬ್ ಖಾನ್ ‘ಮದರ್ ಇಂಡಿಯಾ’ದ ಬಿರ್ಜು ಪಾತ್ರಕ್ಕೆ ಅವರನ್ನು ಆರಿಸಿದ್ದರು. ಇಲ್ಲಿ ದುಡಿಯಲು ಪರವಾನಗಿ ಸಿಗಲಿಲ್ಲ, ಪಾತ್ರ ಸುನಿಲ್ ದತ್ ಪಾಲಾಯಿತು. ಭಾರತೀಯ ಚಿತ್ರ ಒಂದನ್ನೂ ಮಾಡದೆ ಹೋದರು.

ಸಂಜೆಮಲ್ಲಿಗೆ

ಇದು ನನಗೆ ಎಲ್ಲಕ್ಕಿಂತ ಹೆಚ್ಚು ನೋವಿನ ಸಂಗತಿ. ಅಲ್ಲಿ ಭಾರತೀಯ ಎಂದು ಕಾಡಿಗೆ ಕಳಿಸಿದರು, ಇಲ್ಲಿ ವಿದೇಶಿ ಎಂದು ಬಾಗಿಲು ಹಾಕಿದರು. ಬಿರ್ಜುವಿನ ಆ ಉರಿ, ಆ ಹಟ! ‘ಬಗ್ದಾದ್’ ಹುಡುಗ ಬೆಳೆದು ನಿಂತರೆ ಅದೇ ಅಲ್ಲವೇ?

ಕಾಫಿಪುಡಿ

ಸುನಿಲ್ ದತ್ ಬಿಟ್ಟು ಬೇರೆ ಬಿರ್ಜುವನ್ನು ನಾನು ಕಲ್ಪಿಸಿಕೊಳ್ಳಲಾರೆ. ಕ್ಷಮಿಸಿ.

ಸಂಜೆಮಲ್ಲಿಗೆ

ದತ್ ಚೆನ್ನಾಗಿ ಮಾಡಿದ್ದಾರೆ, ಅದರಲ್ಲಿ ಜಗಳವಿಲ್ಲ. ಸಾಬುಗೆ ಒಂದು ಅವಕಾಶ ತಪ್ಪಿತು ಎನ್ನುತ್ತಿದ್ದೇನೆ.

ರೀಲುಪೆಟ್ಟಿಗೆ

ಕೊನೆಯ ಎರಡು ಚಿತ್ರಗಳನ್ನೂ ದಾಖಲಿಸಿಬಿಡೋಣ. 1963ರ ‘ರ‍್ಯಾಂಪೇಜ್’, ರಾಬರ್ಟ್ ಮಿಚಮ್ ಜೊತೆ. ಡಿಸ್ನಿಯ ‘ಎ ಟೈಗರ್ ವಾಕ್ಸ್’, ಅವರು ತೀರಿಕೊಂಡ ಮೇಲೆ 1964ರಲ್ಲಿ ಬಂತು. ಎರಡರಲ್ಲೂ ಮತ್ತೆ ಪ್ರಾಣಿಗಳೇ. ಆದರೆ ಪೋಷಕ ನಟನಾಗಿ ದೊಡ್ಡ ಸ್ಟುಡಿಯೊಗಳು ಮತ್ತೆ ಕರೆಯತೊಡಗಿದ್ದವು. ನಲವತ್ತು ದಾಟಿದ್ದರೆ ಏನಾಗುತ್ತಿತ್ತೋ.

ಈಗ ಕೆಲಸದ ಮಾತು. ನಮ್ಮ ಊರಿನ ಗ್ರಂಥಾಲಯದಲ್ಲಿ ಮಕ್ಕಳಿಗೂ ದೊಡ್ಡವರಿಗೂ ಸೇರಿ ಸಾಬು ಚಿತ್ರಗಳನ್ನು ತೋರಿಸಬೇಕೆಂದಿದ್ದೇನೆ. ಯಾವ ಕ್ರಮದಲ್ಲಿ ತೋರಿಸಲಿ? ಮೊದಲು ‘ಎಲಿಫೆಂಟ್ ಬಾಯ್’ ಇಡಲು ನನಗೆ ಮನಸ್ಸಿಲ್ಲ.

ಬಣ್ಣದಡಬ್ಬಿ

ಮೊದಲು ‘ಬಗ್ದಾದ್’. ಮಕ್ಕಳು ಅಬುವಿನ ಬೆನ್ನು ಹತ್ತುತ್ತಾರೆ, ಆಮೇಲೆ ಏನು ತೋರಿಸಿದರೂ ನೋಡುತ್ತಾರೆ.

ಕಟಕಟೆ

1942ರ ‘ಜಂಗಲ್ ಬುಕ್’ಗೆ ಅಮೆರಿಕದಲ್ಲಿ ಈಗ ಹಕ್ಕುಸ್ವಾಮ್ಯ ಇಲ್ಲ, ಅಂತರ್ಜಾಲದಲ್ಲಿ ಸಿಗುತ್ತದೆ. ಉಳಿದವಕ್ಕೆ ಸಾರ್ವಜನಿಕ ಪ್ರದರ್ಶನದ ಅನುಮತಿ ಕೇಳಿಕೊಳ್ಳಿ, ಅದನ್ನು ಮರೆಯಬೇಡಿ.

ಸಂಜೆಮಲ್ಲಿಗೆ

‘ದಿ ಡ್ರಮ್’ ಕೂಡ ಸೇರಿಸಿ. ದೊಡ್ಡವರಿಗೆ ಮಾತ್ರ ತೋರಿಸಿ, ಮೊದಲು ಬಾಂಬೆ, ಮದ್ರಾಸಿನ ಪ್ರತಿಭಟನೆಯ ಬಗ್ಗೆ ಹತ್ತು ನಿಮಿಷ ಮಾತಾಡಿ. ಅದಿಲ್ಲದೆ ಅರ್ಧ ಸಾಬುವನ್ನು ಮಾತ್ರ ತೋರಿಸಿದಂತಾಗುತ್ತದೆ. ಮಾತಾಡುವವರು ಬೇಕಾದರೆ ನಾನು ಬರುತ್ತೇನೆ.

ಹಳೆತೆರೆ

‘ಬಗ್ದಾದ್’, ‘ಜಂಗಲ್ ಬುಕ್’, ‘ಡ್ರಮ್’, ಕೊನೆಗೆ ‘ಬ್ಲ್ಯಾಕ್ ನಾರ್ಸಿಸಸ್’. ಅದನ್ನು ಮಾತ್ರ ದೊಡ್ಡ ಪರದೆಯಲ್ಲಿ, ಪೂರಾ ಕತ್ತಲೆ ಮಾಡಿ ತೋರಿಸಿ, ಕಾರ್ಡಿಫ್ ಬಣ್ಣಗಳು ಬೆಳಕಿದ್ದ ಕೋಣೆಯಲ್ಲಿ ಸತ್ತುಹೋಗುತ್ತವೆ. ದಿನಾಂಕ ಹಾಕಿ, ನಾನೂ ಬರುತ್ತೇನೆ.

ಕಬಿನಿದಡ

ಗ್ರಂಥಾಲಯದಲ್ಲಿ ಮುಗಿದ ಮೇಲೆ ಅದೇ ಪಟ್ಟಿಯನ್ನು ಎಚ್.ಡಿ. ಕೋಟೆಗೂ ತನ್ನಿ. ಜಾಗ, ಕುರ್ಚಿ, ವಿದ್ಯುತ್ತು ನನ್ನ ಜವಾಬ್ದಾರಿ. ಆದರೆ ನಮ್ಮ ಜನಕ್ಕೆ ‘ಎಲಿಫೆಂಟ್ ಬಾಯ್’ ಬೇಕೇ ಬೇಕು ರೀಲುಪೆಟ್ಟಿಗೆಯವರೇ, ಅದರಲ್ಲಿ ನಮ್ಮ ಕಾಡು ಇದೆ. ನಿಮ್ಮ ವಾದ ಏನೇ ಇರಲಿ, ಇದೊಂದರಲ್ಲಿ ನಾನು ಬಗ್ಗುವುದಿಲ್ಲ.